ಖಾಲಿ ಡಬ್ಬದ ಸರದಿ

ಮಿಲ್ಲಿನ ಜಗಲಿಯಲ್ಲಿ ನಿಂತು ನನ್ನ ಖಾಲಿ ಡಬ್ಬವನ್ನು ಡೋಲಿನ ಹಾಗೆ ಬಡಿದು ಊರವರನ್ನು ನಗಿಸಿದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆಳಿಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಫರ್ಗಿವ್‌ನೆಸ್ ಎಂದರೇನು ಎಂದು ಚಂದದ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಅವರು ಕಲಿಸಿದ ಹ್ಯಾಂಡ್‌ರೈಟಿಂಗ್, ಟೇಬಲ್ ಮ್ಯಾನರ್ಸ್, ಕರ್ಚೀಫಿನ ಅಂಚಿಗೆ ಹಾಕುವ ಲೇಸು ಎಲ್ಲ ಈ ಎಪ್ಪತ್ತು ದಾಟಿದ ವಯಸ್ಸಿನಲ್ಲೂ ನನ್ನ ಕೈಯಲ್ಲಿ ಉಳಿದಿವೆ. ಆ ಒಂದು ಪಾಠ ಮಾತ್ರ ನನಗೆ ಹತ್ತಲೇ ಇಲ್ಲ.

ನಾನು ಬೆಂಗ್ರೆಯ ಹುಡುಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವಿನ ಮರಳಿನ ಮೇಲೆ ನಮ್ಮ ಮನೆ. ಅಪ್ಪನಿಗೆ ಬೋಟಿತ್ತು. ಶಾಲೆಗೆ ಹೋಗಲು ಹೊಳೆ ದಾಟಬೇಕು. ಬಿಳಿ ಸಾಕ್ಸು ಒದ್ದೆಯಾಗದಂತೆ ಫೆರಿಯಲ್ಲಿ ಕಾಲು ಮೇಲೆತ್ತಿ ಕೂರುತ್ತಿದ್ದೆ. ಒಂದು ಫೆರಿ ತಪ್ಪಿದರೆ ಇನ್ನೊಂದು ಬರುತ್ತದೆ ಎಂಬ ಧೈರ್ಯ ನನಗೆ ಆಗಲೇ ಅಂಟಿಕೊಂಡಿರಬೇಕು. ಹೋಮ್‌ವರ್ಕ್ ಕೇಳಿದರೆ "ಟುಮಾರೋ, ಸಿಸ್ಟರ್" ಎನ್ನುತ್ತಿದ್ದೆ. ಅವರು ನನಗೆ ಮಿಸ್ ಟುಮಾರೋ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಪ್ರೀತಿಯಿತ್ತು. ಅದಕ್ಕೇ ನಾನು ಸುಧಾರಿಸಲಿಲ್ಲ.

ಅಮ್ಮ ಹಾಗಿರಲಿಲ್ಲ. ಮಳೆಗಾಲಕ್ಕೆ ಬೋಟುಗಳು ದಡ ಹತ್ತುವ ಮೊದಲೇ ಅವಳ ಒಣಮೀನು, ಹುಣಸೆಹುಳಿ, ಮೀನು ಸಾರಿನ ಮಸಾಲೆ ಪುಡಿ ಎಲ್ಲವೂ ಭರಣಿ ಸೇರಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡಿರುತ್ತಿದ್ದವು. ಕೆಂಪು ಮೆಣಸು ಒಣಗಿತೇ ಎಂದು ನೋಡಲು ಅವಳು ಒಂದೊಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದಳು. ಒಳಗೆ ಬೀಜ ಗಲಗಲ ಎಂದರೆ ಸರಿ. ಮಳೆಯ ಮಧ್ಯೆ ಆ ಭರಣಿ ತೆರೆದಾಗ ಬರುತ್ತಿದ್ದ ವಾಸನೆ ಬಿಸಿಲಿನದೇ ವಾಸನೆ. ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ಬರುತ್ತದೆ, ಅಮ್ಮನ ಮುಖ ಬರುವುದಿಲ್ಲ.

ಮದುವೆಯಾಗಿ ಮಣ್ಣಗುಡ್ಡಕ್ಕೆ ಬಂದೆ. ಗಂಡ ತೀರಿಕೊಂಡ ಮೇಲೆ, ಸುಮ್ಮನೆ ಕೂತರೆ ಮಂಡೆ ಕೆಡುತ್ತದೆ ಎಂದು, ರಸ್ತೆಗೆ ಮುಖ ಮಾಡಿದ ರೂಮಿಗೆ ಒಂದು ಶಟರ್ ಹಾಕಿಸಿ ಮಸಾಲೆ ಪುಡಿಯ ಅಂಗಡಿ ಇಟ್ಟೆ. ಅಮ್ಮನ ಅಳತೆ, ನನ್ನ ಕೈ. ಆ ಶಟರ್ ಮೊದಲ ದಿನದಿಂದಲೂ ಹಟಮಾರಿ; ಅರ್ಧಕ್ಕೆ ಬಂದು ನಿಂತುಬಿಡುತ್ತದೆ, ಮೇಲೆತ್ತಲು ಯಾರನ್ನಾದರೂ ಕರೆಯಬೇಕು. ಆದರೂ ಅಂಗಡಿ ನಡೆಯಿತು. ಮುಖ್ಯ ಕಾರಣ ಬಿಜೈ ಬಸ್‌ಸ್ಟ್ಯಾಂಡಿನ ಹತ್ತಿರ ಮೀನೂಟದ ಹೋಟೆಲ್ ನಡೆಸುವ ಒಬ್ಬಳು ಗಟ್ಟಿಗಿತ್ತಿ. ಇಡೀ ಮಳೆಗಾಲಕ್ಕೆ ಬೇಕಾದ ಪುಡಿಯನ್ನು ಅವಳು ನನ್ನಿಂದಲೇ ಒಯ್ಯುತ್ತಿದ್ದಳು. ಬಿಡಿ ಗಿರಾಕಿಗಳು ಬಂದರೂ ಬಾರದಿದ್ದರೂ ಆ ಒಂದು ಆರ್ಡರಿನ ಮೇಲೆ ನನ್ನ ಶಟರ್ ಮೇಲೇಳುತ್ತಿತ್ತು.

ಇನ್ನು ಮಿಲ್ಲಿನ ವಿಷಯ ಹೇಳಬೇಕು. ನಮ್ಮ ಓಣಿಯ ಹಿಟ್ಟಿನ ಮಿಲ್ಲಿನಲ್ಲಿ ಮೆಣಸಿಗೆ ಬೇರೆಯೇ ದಿನ. ಗೋಧಿ, ಅಕ್ಕಿಯ ಜೊತೆ ಮೆಣಸು ಹಾಕಿದರೆ ಚಪಾತಿ ಖಾರವಾಗುತ್ತದಲ್ಲ! ಮಳೆ ಹಿಡಿದ ಮೇಲೆ ಮಿಲ್ಲಿನವನು ಮೆಣಸು ಮುಟ್ಟುವುದೇ ಇಲ್ಲ. ತಂಡಿ ಹಿಡಿದ ಮೆಣಸು ಮೆಷಿನಿಗೆ ಅಂಟುತ್ತದೆ. ಹಾಗಾಗಿ ಮೇ ತಿಂಗಳ ಕೊನೆಯ ಮೆಣಸಿನ ದಿನ ಜಗಲಿಯ ಮೇಲೆ ಡಬ್ಬಗಳ ಸಾಲೇ ಸಾಲು. ಜನ ನಿಲ್ಲುವುದಿಲ್ಲ, ಡಬ್ಬ ನಿಲ್ಲುತ್ತದೆ. ಡಬ್ಬ ಇಟ್ಟು ಮನೆಗೆ ಹೋಗಿ ಗಂಜಿ ಕುಡಿದು ಬರಬಹುದು. ಸಾಲು ಸರಿದ ಹಾಗೆ ಹಿಂದಿನವರು ನಿಮ್ಮ ಡಬ್ಬವನ್ನು ಕಾಲಿನಿಂದ ಮುಂದೆ ದೂಡಿರುತ್ತಾರೆ. ಡಬ್ಬ ಇದ್ದರೆ ನೀವಿದ್ದ ಹಾಗೆ.

ಇದರಲ್ಲಿ ನಾನೊಂದು ಉಪಾಯ ಕಂಡುಹಿಡಿದಿದ್ದೆ. ಬೆಳಿಗ್ಗೆಯೇ ಹೋಗಿ ಖಾಲಿ ಡಬ್ಬ ಇಟ್ಟುಬರುವುದು. ಸರದಿ ಬರುವಷ್ಟರಲ್ಲಿ ಮನೆಯಲ್ಲಿ ಮೆಣಸು ಹುರಿದು, ಕೊತ್ತಂಬರಿ ಹುರಿದು, ಓಡಿಬಂದು ತುಂಬಿಸುವುದು. ಎಷ್ಟೋ ವರ್ಷ ಇದು ನಡೆಯಿತು. ಯಾರಿಗೂ ತೊಂದರೆಯಿರಲಿಲ್ಲ.

ಆಮೇಲೆ ಮೂಲೆಯಲ್ಲಿ ಮಾರ್ಟ್ ಬಂತು. ಗಲ್ಫಿನಿಂದ ವಾಪಸು ಬಂದ ನಲವತ್ತರ ಆಸುಪಾಸಿನವನು, ಎ.ಸಿ. ಹಾಕಿಸಿ, ಗಾಜಿನ ಬಾಗಿಲು ಇಡಿಸಿ ಶುರುಮಾಡಿದ. ಮೊದಮೊದಲು "ಆಂಟಿ, ಆಂಟಿ" ಎಂದು ನನ್ನ ಪುಡಿಯನ್ನೂ ಇಟ್ಟುಕೊಂಡ. ಕಣ್ಣಿನ ಎತ್ತರದ ಶೆಲ್ಫಿನಲ್ಲಿದ್ದ ನನ್ನ ಪ್ಯಾಕೆಟು ಸ್ವಲ್ಪ ದಿನದಲ್ಲಿ ಮೊಣಕಾಲಿನ ಎತ್ತರಕ್ಕೆ ಇಳಿಯಿತು. ಮತ್ತೆ ಫಿನಾಯಿಲಿನ ಬದಿಗೆ ಹೋಯಿತು. ಒಂದು ದಿನ ಇರಲೇ ಇಲ್ಲ. ಕೇಳಿದ್ದಕ್ಕೆ ನಗುತ್ತ ಹೇಳಿದ: "ಎಂತ ಮಾಡುದು ಆಂಟಿ, ಸ್ಟಾಕ್ ಕೇಳಿದ್ರೆ ನೀವು ನಾಳೆ ನಾಳೆ ಅಂತೀರಿ. ನಿಮ್ಮ ಆ ರೂಮು ನಂಗೆ ಗೋಡೌನಿಗೆ ಕೊಡಿ. ನೀವು ಆರಾಮಾಗಿ ಟೀವಿ ನೋಡಿ."

ನನ್ನ ಗಂಡ ಪೇಪರ್ ಓದುತ್ತಿದ್ದ ರೂಮದು. ಅಲ್ಲಿ ಅವನ ಸೋಪಿನ ಪೆಟ್ಟಿಗೆಗಳಂತೆ!

ಆ ವರ್ಷದ ಕೊನೆಯ ಮೆಣಸಿನ ದಿನ ನನ್ನ ಡಬ್ಬ ಎಂದಿನಂತೆ ಮಿಲ್ಲಿನ ಸಾಲಿನಲ್ಲಿತ್ತು. ಅವನೂ ಬಂದಿದ್ದ, ತನ್ನ ತಾಯಿಯ ಮೆಣಸಿನ ಡಬ್ಬ ಹಿಡಿದುಕೊಂಡು. ಊರಿಗೆಲ್ಲ ಪ್ಯಾಕೆಟ್ ಪುಡಿ ಮಾರುವವನ ಮನೆಯಲ್ಲಿ ತಾಯಿ ಆ ಪ್ಯಾಕೆಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ಸಂಗತಿಯನ್ನು ನಾನು ಅವತ್ತೇ ಮನಸ್ಸಿನಲ್ಲಿ ಗಂಟು ಕಟ್ಟಿ ಇಟ್ಟುಕೊಂಡೆ. ನಾನು ಹುರಿದ ಮೆಣಸಿನ ಚೀಲ ಹೊತ್ತು ಏದುಸಿರು ಬಿಡುತ್ತ ಓಣಿ ತಿರುಗುವಷ್ಟರಲ್ಲಿ ಅವನು ನನ್ನ ಡಬ್ಬವನ್ನು ಮುಂದೆ ದೂಡಲು ಹೋಗಿದ್ದಾನೆ, ಅದು ಹಗುರಾಗಿ ಜಾರಿದೆ. ಮುಚ್ಚಳ ತೆಗೆದ. ಬೋರಲು ಹಾಕಿದ. ಕಂಕುಳಲ್ಲಿ ಇಟ್ಟುಕೊಂಡು ಡಬ ಡಬ ಬಡಿದ.

"ನೋಡಿ ನೋಡಿ, ಆಂಟಿಯ ಸ್ಪೆಷಲ್ ಮಸಾಲೆ! ಉಪ್ಪಿಲ್ಲ, ಖಾರ ಇಲ್ಲ, ಬರೀ ಗಾಳಿ. ಬಿ.ಪಿ. ಇದ್ದವರಿಗೆ ಒಳ್ಳೇದು!"

ಎಲ್ಲರೂ ನಕ್ಕರು. ನನ್ನ ಪುಡಿ ತಿಂದು ಬೆಳೆದವರೂ ನಕ್ಕರು. ಮಿಲ್ಲಿನವನು ಹುಬ್ಬಿನ ಮೇಲಿನ ಹಿಟ್ಟು ಉದುರುವಷ್ಟು ನಕ್ಕ. ಮಾರ್ಟಿನವನು ಡಬ್ಬದ ಫೋಟೋ ತೆಗೆದು ನಮ್ಮ ರಸ್ತೆಯವರ ಮೊಬೈಲ್ ಗ್ರೂಪಿಗೆ ಹಾಕಿದ, ಕೆಳಗೆ ಬರೆದ: ಮಸಾಲೆ ಪುಡಿ ಇಂದೇ ಬೇಕಾದವರು ನಮ್ಮಲ್ಲಿಗೆ ಬನ್ನಿ. ನಗುವ ಮುಖಗಳು ಒಂದರ ಹಿಂದೆ ಒಂದು ಬಿದ್ದವು. ನನ್ನನ್ನು ಸಾಲಿನ ಕೊನೆಗೆ ಕಳಿಸಿದರು. ನನ್ನ ಸರದಿ ಬರುವ ಮೊದಲೇ ಕರೆಂಟ್ ಹೋಯಿತು, ಸಂಜೆಗೆ ಮಳೆ ಇಳಿಯಿತು, ಟೆರೇಸಿನ ಮೇಲೆ ಇನ್ನೊಂದು ಬಿಸಿಲು ಕಾಣಲಿ ಎಂದು ಬಿಟ್ಟಿದ್ದ ಮೆಣಸೂ ನೆನೆಯಿತು.

ಹೋಟೆಲಿನವಳು ತಾನೇ ಬಂದಳು. ಕೂರಲಿಲ್ಲ. "ಅಕ್ಕ, ನಿಮ್ಮ ಪುಡಿಯಷ್ಟು ಒಳ್ಳೇದು ಇಲ್ಲ, ಅದು ನಂಗೆ ಗೊತ್ತುಂಟು. ಆದ್ರೆ ಮಧ್ಯಾಹ್ನ ಊಟಕ್ಕೆ ಬಂದವರಿಗೆ ನಾಳೆ ಬನ್ನಿ ಅಂತ ಹೇಳ್ಲಿಕ್ಕೆ ಆಗ್ತದಾ? ಈ ಸಲ ಮಾರ್ಟಿನ ಪ್ಯಾಕೆಟು ತಕೊಂಡೆ. ಬರುವ ವರ್ಷ ಮಳೆಗೆ ಮೊದಲು ತಂದುಕೊಟ್ರೆ ಮತ್ತೆ ನಿಮ್ಮದೇ. ಇಲ್ಲಾಂದ್ರೆ ಬೇಜಾರು ಮಾಡ್ಬೇಡಿ."

ಅಂದರೆ ಒಂದು ವರ್ಷ. ಆ ಆರ್ಡರ್ ವಾಪಸು ಬಾರದಿದ್ದರೆ ಶಟರ್ ಇಳಿಯುತ್ತದೆ, ರೂಮು ಅವನ ಗೋಡೌನಾಗುತ್ತದೆ. ಅಷ್ಟು ಸ್ಪಷ್ಟ.

ಆಲಸ್ಯ ಬಿಡುವುದು ಹೇಗೆ ಎಂದು ಟೀವಿಯಲ್ಲಿ ಸೂಟು ಹಾಕಿದವರು ಹೇಳುತ್ತಾರೆ. ಬೆಳಿಗ್ಗೆ ಧ್ಯಾನ ಮಾಡಿ, ಟೈಮ್ ಟೇಬಲ್ ಹಾಕಿ, ಪಾಸಿಟಿವ್ ಥಿಂಕಿಂಗ್ ಮಾಡಿ ಎಂದು. ನನಗೆ ಅದು ಯಾವುದೂ ಬೇಕಾಗಲಿಲ್ಲ. ಆ ಡಬ್ಬವನ್ನು, ಅವನ ಬೆರಳಿನ ಗಂಟು ಬಿದ್ದು ತಗ್ಗಾದ ಬದಿ ನನಗೆ ಕಾಣುವ ಹಾಗೆ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಕಾಫಿ ಕುಡಿದು ಸ್ವಲ್ಪ ಹೊತ್ತು ಕಾಲು ಚಾಚೋಣ ಅನ್ನಿಸಿದಾಗ ಆ ತಗ್ಗು ನೋಡುವುದು. ಡಬ ಡಬ ಕೇಳಿಸುತ್ತಿತ್ತು. ಕಾಲು ತಾನಾಗಿಯೇ ಏಳುತ್ತಿತ್ತು. ಪ್ರೀತಿಯಿಂದ ಇಟ್ಟ ಹೆಸರು ಮಾಡದ ಕೆಲಸವನ್ನು ಒಬ್ಬನ ಮೇಲಿನ ಸಿಟ್ಟು ಮಾಡಿತು. ಸಿಸ್ಟರ್ ಇದ್ದಿದ್ದರೆ ಏನೆನ್ನುತ್ತಿದ್ದರೋ. "ಡಿಸಿಪ್ಲಿನ್ ಈಸ್ ಡಿಸಿಪ್ಲಿನ್, ಮೈ ಚೈಲ್ಡ್" ಎಂದು ಕಣ್ಣು ಮಿಟುಕಿಸುತ್ತಿದ್ದರೇನೋ ಎಂದು ಆಸೆ.

ಸಪೋರ್ಟ್ ಲೋಕಲ್ ಎಂದು ಈಗ ಎಲ್ಲರೂ ಹೇಳುತ್ತಾರೆ. ಬಹಳ ಉದಾತ್ತವಾದ ಮಾತು. ನಾನು ಶುರುಮಾಡಿದ್ದು ಶುದ್ಧ ಹೊಟ್ಟೆಕಿಚ್ಚಿನಿಂದ. ಅವನ ಗಾಜಿನ ಬಾಗಿಲಿನೊಳಗೆ ನನ್ನ ಮನೆಯಿಂದ ಒಂದು ನಯಾಪೈಸೆ ಹೋಗಬಾರದು, ಅಷ್ಟೇ. ಎದುರಿನ ಗೂಡಂಗಡಿಯವನಿಗೆ ಹೇಳಿದೆ, ನಾನು ಮೈಗೆ ಹಾಕುವ ಸೋಪು ತರಿಸು ಎಂದು. ಅವನು ಸೋಡಾ ಬಾಟಲಿ ಒರೆಸುತ್ತ, "ಅದು ಮಾರ್ಟಿನಲ್ಲಿ ಉಂಟಲ್ಲ ಆಂಟಿ" ಎಂದ.

"ಮಾರ್ಟಿನಲ್ಲಿ ಉಂಟು. ಅದಕ್ಕೇ ನೀನು ತರಿಸು."

"ಎಂತ ಜಗಳ ಆಂಟಿ ಈ ಪ್ರಾಯದಲ್ಲಿ?"

"ಈ ಪ್ರಾಯದಲ್ಲಿ ಅಲ್ಲದೆ ಮತ್ತೆ ಯಾವಾಗ? ನಿನ್ನ ಬಾಳೆಹಣ್ಣು ಎಷ್ಟು ಜನ ತಕೊಳ್ತಾರೆ ಈಗ? ಅವನಲ್ಲಿ ಬಾಳೆಹಣ್ಣಿಗೂ ಸ್ಟಿಕ್ಕರ್ ಉಂಟು, ನೋಡಿದ್ದೀಯಾ?"

ಅವನು ಒರೆಸುವುದು ನಿಲ್ಲಿಸಿ ಮಾರ್ಟಿನ ಕಡೆ ಒಮ್ಮೆ ನೋಡಿದ. ಮಾರನೇ ದಿನ ಸೋಪು ಬಂತು. ಅದರ ಪಕ್ಕದಲ್ಲಿ ನನ್ನ ಪುಡಿಯ ಪ್ಯಾಕೆಟನ್ನೂ ನೇತುಹಾಕಿದ. ಅಲ್ಲಿಯವರೆಗೆ ಒಣಮೆಣಸನ್ನು ಮೊಬೈಲಿನಲ್ಲಿ ಒತ್ತಿ ಎಲ್ಲಿಂದಲೋ ತರಿಸುತ್ತಿದ್ದವಳು, ಸೋಮಾರಿತನಕ್ಕೆ ಅದು ಬಹಳ ಅನುಕೂಲ, ಈಗ ಬಸ್ಸು ಹಿಡಿದು ಬಂದರಿನ ಹಳೇ ಮಂಡಿಗೆ ಹೋಗಿ ಕೈಯಲ್ಲಿ ಮುರಿದು ನೋಡಿ ತಂದೆ.

ಪ್ಯಾಕೆಟು ಹಾಕಿಕೊಡುವ ಬಟ್ಟೆ ಚೀಲ ಹೊಲಿಯಲು ಪಕ್ಕದ ಓಣಿಯ ದರ್ಜಿಗೆ ಕೊಟ್ಟಿದ್ದೆ. ಅವನು ನನ್ನ ಹಳೆಯ ಅವತಾರ. "ನಾಳೆ ಖಂಡಿತ ಆಂಟಿ" ಎಂದು ಮೂರನೇ ಸಲ ಹೇಳಿದಾಗ, ಇನ್ನೊಬ್ಬರ ಬಾಯಲ್ಲಿ ಆ ಮಾತು ಎಷ್ಟು ಅಸಹ್ಯ ಎಂದು ಗೊತ್ತಾಯಿತು. ಅವನ ಸ್ಟೂಲಿನ ಮೇಲೆ ಕೂತುಬಿಟ್ಟೆ.

"ಇಲ್ಲಿ ಎಂತಕ್ಕೆ ಕೂತದ್ದು? ಫ್ಯಾನು ಹಾಳಾಗಿದೆ."

"ಬೆವರ್ತೇನೆ. ಹೊಲಿದು ಮುಗಿಯುವವರೆಗೆ ಇಲ್ಲೇ ಇರ್ತೇನೆ."

"ಮುದುಕಿಯರಿಗೆ ಸೆಕೆಯಲ್ಲಿ ತಲೆ ತಿರುಗ್ತದೆ, ಹೋಗಿ ಮಾರಾಯ್ರೆ!"

"ನಿನ್ನ ಅಂಗಡಿಯಲ್ಲಿ ಬಿದ್ದು ಸತ್ರೆ ಪೊಲೀಸ್ನವರು ನಿನ್ನನ್ನೇ ಕೇಳುದು. ಹೊಲಿ."

ಹೊಲಿದ. ಆಮೇಲೆ ತನ್ನ ಗಿರಾಕಿಗಳಿಗೆಲ್ಲ, ಬ್ಲೌಸಿನ ಜೊತೆಗೆ, ನನ್ನ ಪುಡಿಯ ಗುಣಗಾನವನ್ನೂ ಕೊಡುತ್ತಿದ್ದ. ನಾನು ಪುನಃ ಬಂದು ಸ್ಟೂಲಿನಲ್ಲಿ ಕೂರದಿರಲಿ ಎಂಬ ಹೆದರಿಕೆಯೂ ಇದ್ದಿರಬೇಕು. ಹೀಗೆ ಸಣ್ಣ ಅಂಗಡಿಗಳು ಒಂದನ್ನೊಂದು ಹಿಡಿದುಕೊಂಡೆವು. ನನಗೆ ಅದರಲ್ಲಿ ಕಂಡದ್ದು ಮಾರ್ಟಿನವನ ಬಿಲ್ಲಿಂಗ್ ಕೌಂಟರಿನ ಮುಂದೆ ಒಬ್ಬೊಬ್ಬರೇ ಕಡಿಮೆಯಾಗುವುದು ಮಾತ್ರ.

ಮತ್ತೆ ಮೇ ಬಂತು. ಮೆಣಸು ಟೆರೇಸಿಗೆ ಏರಿತು. ಹಳೇ ಸೀರೆ ಹಾಸಿ ಹರಡಿ, ಕೊಡೆ ಹಿಡಿದು ಕೂತು, ಒಂದೊಂದನ್ನು ಕಿವಿಯ ಹತ್ತಿರ ಅಲುಗಾಡಿಸಿದೆ, ಅಮ್ಮನ ಹಾಗೆ. ಕೊನೆಯ ಮೆಣಸಿನ ದಿನಕ್ಕೆ ಮೊದಲೇ ಎಲ್ಲ ಹುರಿದು ತಣಿಸಿ ಡಬ್ಬಗಳಿಗೆ ತುಂಬಿಸಿ ಇಟ್ಟಿದ್ದೆ. ತಗ್ಗು ಬಿದ್ದ ಡಬ್ಬಕ್ಕೂ ತುಂಬಿಸಿದೆ. ಅದನ್ನೇ ಎಲ್ಲಕ್ಕಿಂತ ಹೆಚ್ಚು ಗಿಡಿದು ತುಂಬಿಸಿದೆ.

ಅವತ್ತು ಆಕಾಶ ಬೆಳಿಗ್ಗೆಯೇ ಕಪ್ಪಾಗಿತ್ತು. ಆಟೋದಲ್ಲಿ ಡಬ್ಬ ಹೇರಿಕೊಂಡು ಮಿಲ್ಲಿಗೆ ಹೋದರೆ ಬಾಗಿಲು ತೆರೆದೇ ಇಲ್ಲ, ಜಗಲಿಯ ಮೇಲೆ ಆಗಲೇ ಹೊಳೆಯುವ ಹೊಸ ಡಬ್ಬಗಳ ಸಾಲು. ಮಾರ್ಟಿನವನದು. ಈ ವರ್ಷ ಅವನೇ ಪುಡಿ ಮಾಡಿ ಹೋಮ್ ಮೇಡ್ ಎಂದು ಮಾರುತ್ತಾನೆ ಎಂದು ಗೂಡಂಗಡಿಯವನು ಹೇಳಿದ್ದು ಸತ್ಯ. ಡಬ್ಬಗಳ ಮೇಲೆ ಸ್ಟಿಕ್ಕರ್ ಕೂಡ ಬಂದಿತ್ತು. ತುರುಬು ಕಟ್ಟಿದ ಒಬ್ಬಳು ಅಜ್ಜಿ ಮಸಾಲೆ ಕಡೆಯುವ ಕಲ್ಲಿನ ಮುಂದೆ ಕೂತ ಚಿತ್ರ. ಕನ್ನಡಕ ಒಂದಿಲ್ಲ, ಬಾಕಿ ಎಲ್ಲ ನಾನೇ. ಹೋಟೆಲಿನ ಆರ್ಡರನ್ನು ಖಾಯಂ ಮಾಡಿಕೊಳ್ಳುವ ಏರ್ಪಾಡು ಅದು.

"ಆಂಟಿ, ಇಷ್ಟು ಬೇಗ! ಚೇರ್ ತರ್ಲಾ?" ಎಂದ. ಇಷ್ಟು ವಿನಯ ಅವನಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಹಿಂದಿನ ವರ್ಷ ನನ್ನಿಂದಾಗಿ ಮಿಲ್ಲಿನವನು ಒಂದು ರೂಲ್ ಮಾಡಿದ್ದ: ಖಾಲಿ ಡಬ್ಬಕ್ಕೆ ಸರದಿ ಇಲ್ಲ. ಬಾಗಿಲು ತೆರೆದವನೇ ನನ್ನ ಡಬ್ಬದ ಹತ್ತಿರ ಬಂದು, "ಎಂತ ಆಂಟಿ, ಈ ಸಲವೂ ಗಾಳಿಯಾ?" ಎಂದ. ಎತ್ತಿ ನೋಡು ಎಂದೆ. ಎತ್ತಿದ, ಸೊಂಟ ಹಿಡಿದುಕೊಂಡ. ಮಾರ್ಟಿನವನ ಡಬ್ಬಗಳನ್ನು ಎತ್ತಿ ನೋಡಬೇಕೆಂದು ಅವನಿಗೆ ತೋಚಲಿಲ್ಲ. ಅಷ್ಟು ಹೊಳೆಯುವ ಡಬ್ಬಗಳು, ಯಾರಿಗೆ ಸಂಶಯ ಬರುತ್ತದೆ?

ಮೆಷಿನು ಶುರುವಾಯಿತು. ಮಾರ್ಟಿನವನಿಗೂ ಮುಂದಿದ್ದ ಒಬ್ಬರದು ಮುಗಿದು ಸಾಲು ಸರಿಯಿತು. ಮಾರ್ಟಿನವನು ಮೊಬೈಲನ್ನು ಕಿವಿಗಿಟ್ಟುಕೊಂಡೇ ಚಪ್ಪಲಿಯ ತುದಿಯಿಂದ ತನ್ನ ಡಬ್ಬವನ್ನು ದೂಡಿದ. ಅದು ಸುಂಯ್ ಎಂದು ಜಾರಿತು. ತುಂಬಿದ ಡಬ್ಬ ನೆಲವನ್ನು ಕೆರೆಯುತ್ತ ಹೋಗುತ್ತದೆ. ಖಾಲಿ ಡಬ್ಬ ಹೇಗೆ ಹೋಗುತ್ತದೆ ಎಂದು ಈ ಮಂಗಳೂರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನು ಫೋನಿನಲ್ಲಿ ದನಿ ತಗ್ಗಿಸಿ, "ಎಲ್ಲಿ ಮುಟ್ಟಿದ್ದಿ ಮಾರಾಯ? ಘಾಟಿಯಲ್ಲಿ ಬ್ಲಾಕ್ ಅಂತ ಎಷ್ಟು ಸಲ ಹೇಳ್ತಿ! ಪಡೀಲಿಗೆ ಬಂದ್ಯಾ? ಹಾಂ, ಬೇಗ ಬಾ, ಬೇಗ" ಎನ್ನುತ್ತಿದ್ದ. ಹುರಿದ ಮೆಣಸನ್ನು ಘಟ್ಟದ ಮೇಲಿನಿಂದ ಟೆಂಪೋದಲ್ಲಿ ತರಿಸುತ್ತಿದ್ದಾನೆ. ಪಡೀಲು ಎಂದರೆ ಇನ್ನೇನು ಬಂದೇಬಿಟ್ಟ ಹಾಗೆ. ಒಂದು ಸ್ವಲ್ಪ ಹೊತ್ತು ನಾನು ಸುಮ್ಮನಿದ್ದರೆ ಆ ಡಬ್ಬಗಳು ತುಂಬುತ್ತಿದ್ದವು. ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಅಷ್ಟು ಡಬ್ಬ ಮುಗಿಯುವಾಗ ಮಳೆ ಬಂದು ನನ್ನ ಕಥೆಯೂ ಮುಗಿಯುತ್ತಿತ್ತು.

ಸುಮ್ಮನಿರಲು ನಾನು ಬೆಳಿಗ್ಗೆ ಎದ್ದು ಬಂದಿರಲಿಲ್ಲ. ಕೊಡೆಯ ಹಿಡಿಯಿಂದ ಅವನ ಮೊದಲ ಡಬ್ಬಕ್ಕೆ ಬಡಿದೆ. ಠಣ್! ಎರಡನೆಯದಕ್ಕೆ ಬಡಿದೆ. ಠಣ್! ಮೆಷಿನಿನ ಸದ್ದಿನಲ್ಲೂ ಎಲ್ಲರ ತಲೆ ತಿರುಗಿತು. ಇಡೀ ಸಾಲನ್ನು ಬಡಿದುಕೊಂಡು ಹೋದೆ, ಮ್ಯೂಸಿಕ್ ಕ್ಲಾಸಿನಲ್ಲಿ ಸಿಸ್ಟರ್ ಪಿಯಾನೋದ ಮೇಲೆ ಬೆರಳು ಓಡಿಸಿದ ಹಾಗೆ.

"ಏನು ಮಾರಾಯ, ಇದು ಯಾವ ಬ್ರ್ಯಾಂಡಿನ ಗಾಳಿ? ಇಂಪೋರ್ಟೆಡಾ?"

ಅವನು ಮೊಬೈಲನ್ನು ಕಿವಿಯಿಂದ ಇಳಿಸಿದ. "ಆಂಟಿ, ಟೆಂಪೋ ಬರ್ತಾ ಉಂಟು, ಹತ್ತು ನಿಮಿಷ..."

ಮಿಲ್ಲಿನವನು ಮೆಷಿನು ನಿಲ್ಲಿಸಿ ಬಂದ. ನನ್ನನ್ನು ನೋಡಿದ, ಅವನನ್ನು ನೋಡಿದ. "ರೂಲ್ ರೂಲೇ. ಹೋದ ವರ್ಷ ಆಂಟಿಗೆ ಆದದ್ದು ಈ ವರ್ಷ ನಿಮಗೆ. ತೆಗೀರಿ."

ನಗು ಶುರುವಾಯಿತು. ನಾನು ನಗಲಿಲ್ಲ, ನನಗೆ ಕೆಲಸವಿತ್ತು. ಮಾರ್ಟಿನವನು ಬಗ್ಗಿ ಎರಡೂ ಕೈಯಲ್ಲಿ ಬಾಯಿ ತೆರೆದ ಖಾಲಿ ಡಬ್ಬ ಹಿಡಿದು ಸಾಲಿನ ಕೊನೆಗೆ ಹೋಗುವಾಗ ಒಂದು ಫೋಟೋ ತೆಗೆದೆ. ಫೋಟೋ ಬಹಳ ಕ್ಲಿಯರ್ ಬಂದಿದೆ. ಹಿಂದುಗಡೆ ಸ್ಟಿಕ್ಕರಿನ ಅಜ್ಜಿಯೂ ಕಾಣುತ್ತಾಳೆ.

ಟೆಂಪೋ ಬಂತು. ಮಳೆಯೂ ಬಂತು. ಆ ಹೊತ್ತಿಗೆ ನನ್ನ ಪುಡಿ ಇನ್ನೂ ಬಿಸಿಬಿಸಿಯಾಗಿ ಡಬ್ಬದೊಳಗಿತ್ತು. ಮೊದಲ ಹನಿಗಳು ಬೀಳುವಾಗ ನಾನು ಬಿಜೈಯಲ್ಲಿ ಹೋಟೆಲಿನ ಅಡುಗೆಕೋಣೆಯ ಬಾಗಿಲಲ್ಲಿದ್ದೆ. ಹೋಟೆಲಿನವಳು ಒಂದು ಚಿಟಿಕೆ ಅಂಗೈಗೆ ಹಾಕಿ ಮೂಸಿದಳು, ಕಣ್ಣು ಮುಚ್ಚಿದಳು, ಸೀನಿದಳು.

"ಅಕ್ಕ, ನೀವೇ ಹೌದಾ ಇದು? ಮಳೆಗೆ ಮೊದಲು?"

"ನಾನೇ. ಮಾರ್ಟಿನ ಪ್ಯಾಕೆಟು ಉಳಿದಿದ್ರೆ ಬೆಕ್ಕಿಗೆ ಹಾಕು."

"ಬೆಕ್ಕೂ ಮೂಸುದಿಲ್ಲ" ಎಂದು ನಗುತ್ತ ಡಬ್ಬಗಳನ್ನು ಒಳಗೆ ಸೇರಿಸಿಕೊಂಡಳು. ತಗ್ಗು ಬಿದ್ದದ್ದನ್ನು ಮಾತ್ರ ಖಾಲಿ ಮಾಡಿಸಿ ವಾಪಸು ತಂದೆ. ಅದು ಪುನಃ ಕಿಟಕಿಯಲ್ಲಿದೆ.

ರೂಮು ನನ್ನದಾಗಿಯೇ ಉಳಿಯಿತು. ಗಂಡನ ಕುರ್ಚಿಯನ್ನು ಕೌಂಟರಿನ ಹಿಂದೆ ಹಾಕಿ ಕೂರುತ್ತೇನೆ. ಕೆಲವು ಸಂಜೆ, ಮಳೆ ಜೋರಾಗಿ ಗಿರಾಕಿಗಳಿಲ್ಲದಾಗ, ಈಗ ಫೆರಿ ಕೂಡ ನಿಂತಿರಬಹುದು ಎಂದು ಯೋಚಿಸುತ್ತ ಪುಡಿಯ ಡಬ್ಬದ ಮುಚ್ಚಳ ತೆಗೆದು ಮೂಸುತ್ತೇನೆ. ಆದರೆ ಆರ್ಡರ್ ಬಂದರೆ ಅವತ್ತೇ ಕೊಟ್ಟುಬಿಡುತ್ತೇನೆ. ಯಾವ ಕೆಲಸವನ್ನೂ ನಾಳೆಗೆ ಬಿಡುವುದಿಲ್ಲ, ಒಂದನ್ನು ಬಿಟ್ಟು.

ಬೆಳಿಗ್ಗೆ ನಾನು ಶಟರಿನ ಬೀಗ ತೆಗೆಯುವಾಗ ಮಾರ್ಟಿನವನು ಎಲ್ಲಿದ್ದರೂ ಬರುತ್ತಾನೆ. ಅರ್ಧಕ್ಕೆ ನಿಂತ ಶಟರನ್ನು ತಾನೇ ಮೇಲೆತ್ತಿ ಕೊಡುತ್ತಾನೆ. ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ನಿಲ್ಲುತ್ತಾನೆ.

"ಆಂಟಿ, ಆ ಫೋಟೋ ಡಿಲೀಟ್ ಮಾಡಿದ್ರಾ?"

"ಯಾವುದು? ಓ, ಅದಾ? ಇಲ್ಲ ಮಾರಾಯ, ಗ್ರೂಪಿಗೆ ಹಾಕ್ಬೇಕು ಅಂತ ಇದ್ದೇನೆ. ಟೈಮೇ ಸಿಗುದಿಲ್ಲ ನೋಡು. ನಾಳೆ ಹಾಕ್ತೇನೆ."